ಬಹುಮಾನದ ಮೊತ್ತ, ದುಡಿಮೆಯ ದಿನಗಳು

ಇಂಗ್ಲೆಂಡಿನ ರಾಣಿ ಒಂದನೆಯ ಎಲಿಜಬೆತ್ 1567ರಲ್ಲಿ ಘೋಷಿಸಿದ ಲಾಟರಿಯ ಪ್ರಥಮ ಬಹುಮಾನ 5,000 ಪೌಂಡುಗಳದ್ದಾಗಿದ್ದರೂ ಅದೆಲ್ಲವೂ ನಗದಾಗಿ ಸಲ್ಲುವಂಥದ್ದಾಗಿರಲಿಲ್ಲ. 3,000 ಪೌಂಡು ಮಾತ್ರ ಹಣವಾಗಿ, 700 ಪೌಂಡು ಬೆಳ್ಳಿಯ ಮತ್ತು ಚಿನ್ನದ ಮುಲಾಮಿನ ಪಾತ್ರೆಗಳಾಗಿ, ಮಿಕ್ಕದ್ದು ಗೋಡೆಗೆ ತೂಗುಹಾಕುವ ಚಿತ್ರಗಂಬಳಿಗಳೂ ನಾರುಬಟ್ಟೆಗಳೂ ಆಗಿ ಸಲ್ಲಬೇಕಿತ್ತು. ಸಾರಿದ ಮೊತ್ತಕ್ಕೂ ಗೆದ್ದವನ ಕೈಸೇರುವ ಸಂಪತ್ತಿಗೂ ನಡುವಿನ ಅಂತರ ಇಂದಿನ ಜಾಕ್‌ಪಾಟ್‌ಗಳ ಕಾಲದಲ್ಲಿ ಹುಟ್ಟಿದ್ದಲ್ಲ. ಸರಕಾರಿ ಲಾಟರಿಗಳ ಇತಿಹಾಸದ ಮೊದಲ ಘಟ್ಟದಿಂದಲೇ ಅದು ಬೆನ್ನಿಗಿದೆ. ಬಂದರುಗಳ ದುರಸ್ತಿಗೆ ಹಣ ಕೂಡಿಸಲು ತಲಾ 10 ಷಿಲಿಂಗಿನ ನಾಲ್ಕು ಲಕ್ಷ ಚೀಟಿಗಳನ್ನು ಮಾರಬೇಕೆಂಬುದು ಆ ಯೋಜನೆಯಾಗಿತ್ತಾದರೂ ಜನ ಕೊಳ್ಳಲು ಮುಂದೆ ಬರಲಿಲ್ಲ, ಮತ್ತು 1569ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪಶ್ಚಿಮ ದ್ವಾರದ ಬಳಿ ಚೀಟಿ ಎತ್ತುವ ಹೊತ್ತಿಗೆ ಬಹುಮಾನಗಳನ್ನು ಹನ್ನೆರಡನೇ ಒಂದು ಭಾಗಕ್ಕೆ ಇಳಿಸಲಾಯಿತು.

ಕೊಳ್ಳದಿದ್ದುದಕ್ಕೆ ಕಾರಣ ಚೀಟಿಯ ಬೆಲೆಯಲ್ಲೇ ಇದೆ. ಆ ಕಾಲದ ಲಂಡನ್ನಿನ ಕೂಲಿಯಾಳಿಗೆ ದಿನಕ್ಕೆ ಸುಮಾರು 9 ಪೆನ್ಸ್ ಸಿಗುತ್ತಿತ್ತೆಂದು ಹಿಡಿದರೆ, 120 ಪೆನ್ಸಿಗೆ ಸಮನಾದ 10 ಷಿಲಿಂಗು ಅವನ ಎರಡು ವಾರದ ದುಡಿಮೆಯನ್ನೇ ನುಂಗುತ್ತಿತ್ತು. ಘೋಷಿತ ಪ್ರಥಮ ಬಹುಮಾನವಾದರೋ ಅಂಥ ಕೂಲಿಯ 1,30,000ಕ್ಕೂ ಹೆಚ್ಚು ದಿನಗಳಿಗೆ, ಎಂದರೆ ವರ್ಷಕ್ಕೆ 300 ದಿನದ ಲೆಕ್ಕದಲ್ಲಿ ಸುಮಾರು 440 ವರ್ಷಗಳ ದುಡಿಮೆಗೆ ಸಮನಾಗಿತ್ತು. ಬೇರೆಬೇರೆ ದೇಶಗಳ, ಬೇರೆಬೇರೆ ಶತಮಾನಗಳ ಬಹುಮಾನಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಲು ಈ ದುಡಿಮೆಯ ಅಳತೆಯಷ್ಟು ನಂಬಲರ್ಹವಾದದ್ದು ಮತ್ತೊಂದಿಲ್ಲ. ನಾಣ್ಯಗಳ ವಿನಿಮಯ ದರವನ್ನಷ್ಟೇ ನೆಚ್ಚಿದರೆ ಹೋಲಿಕೆ ದಾರಿ ತಪ್ಪುತ್ತದೆ.

ಆದರೆ ಹಾಗೆ ಅಳೆಯುವ ಮುನ್ನ ಸಾರಿದ ಮೊತ್ತದಲ್ಲಿ ನಿಜವಾಗಿ ಕೈಸೇರುವುದೆಷ್ಟೆಂದು ತಿಳಿಯಬೇಕು, ಮತ್ತು ಅದರ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅಮೆರಿಕದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೂಸಿಯಾನಾ ಲಾಟರಿಯ ಹಗರಣಗಳಿಂದ ಬೇಸತ್ತ ಆ ದೇಶ ಲಾಟರಿಗಳನ್ನು ಬಹುತೇಕ ಅಳಿಸಿಹಾಕಿತ್ತು. 1964ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯವು ತಾನೇ ಲಾಟರಿ ನಡೆಸತೊಡಗಿದ ಮೇಲೆ ಉಳಿದ ಬಹುತೇಕ ರಾಜ್ಯಗಳು ಒಂದೊಂದಾಗಿ ಅದೇ ಹಾದಿ ಹಿಡಿದವು. ಅನೇಕ ರಾಜ್ಯಗಳು ಕೂಡಿ ನಡೆಸುವ ಪವರ್‌ಬಾಲ್‌ನ ಬಹುಮಾನ 2016ರ ಜನವರಿಯಲ್ಲಿ 158.6 ಕೋಟಿ ಡಾಲರನ್ನೂ, 2022ರ ನವೆಂಬರಿನಲ್ಲಿ 204 ಕೋಟಿ ಡಾಲರನ್ನೂ ಮುಟ್ಟಿತು. ಎರಡನೆಯದು ಜಗತ್ತಿನ ದಾಖಲೆಯೆಂದು ಎಲ್ಲೆಡೆ ಸುದ್ದಿಯಾಯಿತು. ಆದರೆ ಸಾರಿದ ಮೊತ್ತವು ಮೂವತ್ತು ವಾರ್ಷಿಕ ಕಂತುಗಳಲ್ಲಿ, ಪ್ರತಿ ಕಂತೂ ಹಿಂದಿನದಕ್ಕಿಂತ ಶೇಕಡಾ 5ರಷ್ಟು ಹೆಚ್ಚುವಂತೆ ಪಾವತಿಯಾಗುವ ಹಣದ ಒಟ್ಟು ಮೊತ್ತ. 204 ಕೋಟಿಯ ಮೊದಲ ಕಂತು ಸುಮಾರು 3 ಕೋಟಿ ಡಾಲರಾದರೆ, ಕೊನೆಯದು 12 ಕೋಟಿಯನ್ನು ಮೀರುತ್ತದೆ. ಈ ಕಂತುಗಳಿಗಾಗಿ ಲಾಟರಿ ಸಂಸ್ಥೆಯ ಬಳಿ ಇರುವ ಅಸಲು ಹಣವನ್ನು ಬಾಂಡುಗಳಲ್ಲಿ ತೊಡಗಿಸುವುದರಿಂದ, ಬಡ್ಡಿ ದರ ಏರಿದಷ್ಟೂ ಅಷ್ಟೇ ಅಸಲಿಗೆ ದೊಡ್ಡ ಮೊತ್ತವನ್ನು ಸಾರಲು ಸಾಧ್ಯವಾಗುತ್ತದೆ. 2016ರ ಬಹುಮಾನದ ಅಸಲು 98.35 ಕೋಟಿ ಡಾಲರು, 2022ರದ್ದು 99.76 ಕೋಟಿ, ವ್ಯತ್ಯಾಸ ಒಂದೂವರೆ ಕೋಟಿಗೂ ಕಡಿಮೆ. ಆ ಏಳು ವರ್ಷಗಳಲ್ಲಿ ಅಮೆರಿಕದ ಬೆಲೆಗಳು ಕಾಲು ಭಾಗಕ್ಕಿಂತ ತುಸು ಹೆಚ್ಚು ಏರಿದ್ದನ್ನು ಗಣಿಸಿದರೆ, 2016ರ ಅಸಲು 2022ರ ಡಾಲರುಗಳಲ್ಲಿ 123 ಕೋಟಿ ದಾಟುತ್ತದೆ. ಮೂರು ಟಿಕೆಟುಗಳಿಗೆ ಹಂಚಿಹೋದ ಆ ಹಳೆಯ ಬಹುಮಾನವೇ ನಿಜವಾದ ಮೌಲ್ಯದಲ್ಲಿ ದೊಡ್ಡದು, ಮತ್ತು 2022ರ ದಾಖಲೆ ಬಹುಪಾಲು ಬಡ್ಡಿ ದರದ ಸೃಷ್ಟಿ. 2022ರ ಅಸಲನ್ನು ಒಂದೇ ಗಂಟಿನಲ್ಲಿ ಪಡೆದರೂ ಶೇಕಡಾ 37ರ ಗರಿಷ್ಠ ಕೇಂದ್ರ ತೆರಿಗೆ ಕಳೆದು ಉಳಿಯುವುದು ಸುಮಾರು 63 ಕೋಟಿ ಡಾಲರು. ಆ ಟಿಕೆಟು ಮಾರಾಟವಾದ ಕ್ಯಾಲಿಫೋರ್ನಿಯಾ ತನ್ನ ಲಾಟರಿಯ ಗೆಲುವಿಗೆ ರಾಜ್ಯ ತೆರಿಗೆ ವಿಧಿಸದೆ ಇದ್ದರೂ, ಸಾರಿದ್ದರ ಮೂರನೇ ಒಂದು ಭಾಗವೂ ಕೈಗೆ ಬರುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಇದು ಸುಳ್ಳಲ್ಲ. ಆದರೆ ಸರಕಾರಗಳೇ ತಮ್ಮ ಪ್ರಜೆಗಳಿಗೆ ಮಾರುವ ಟಿಕೆಟಿನ ಜಾಹೀರಾತಿನಲ್ಲಿ ದೊಡ್ಡ ಅಂಕಿಗೆ ದೊಡ್ಡ ಅಕ್ಷರವನ್ನೂ ಅಸಲಿಗೆ ಸಣ್ಣ ಅಕ್ಷರವನ್ನೂ ಕೊಡುವುದು ನ್ಯಾಯವೆನಿಸುವುದಿಲ್ಲ.

ಯುರೋಪಿನ ರೂಢಿ ಬೇರೆ. ಹಲವು ದೇಶಗಳು ಸೇರಿ ನಡೆಸುವ ಯೂರೋಮಿಲಿಯನ್ಸ್‌ನಲ್ಲಿ 2022ರ ಜುಲೈನಲ್ಲಿ ಬ್ರಿಟನ್ನಿನ ಒಂದು ಟಿಕೆಟಿಗೆ ಬಂದ 19.5 ಕೋಟಿ ಪೌಂಡು ಒಂದೇ ಸಲ, ತೆರಿಗೆಯಿಲ್ಲದೆ ಪೂರ್ತಿಯಾಗಿ ಸಂದಿತು. ನೆಪೋಲಿಯನ್ನನ ಸೇನೆ ಮುತ್ತಿಗೆ ಹಾಕಿದ್ದ ಕಾದಿಸ್ ನಗರದಲ್ಲಿ 1812ರಲ್ಲಿ ಆರಂಭವಾದ ಸ್ಪೇನಿನ ಲಾಟರಿಯ ಕ್ರಿಸ್ಮಸ್ ಡ್ರಾದಲ್ಲಂತೂ ಪ್ರಥಮ ಬಹುಮಾನವನ್ನೇ ಚೂರುಚೂರಾಗಿ ಹಂಚಲಾಗುತ್ತದೆ. 20 ಯೂರೋಗಳ ಒಂದು ಪಾಲಿಗೆ 4 ಲಕ್ಷ ಯೂರೋ ಸಿಕ್ಕು, ಮೊದಲ 40,000 ಬಿಟ್ಟು ಉಳಿದದ್ದಕ್ಕೆ ಶೇಕಡಾ 20ರ ತೆರಿಗೆ ಕಳೆದು 3,28,000 ಉಳಿಯುತ್ತದೆ. ಪವರ್‌ಬಾಲ್‌ನಲ್ಲಿ ಗೆಲ್ಲುವ ಸಾಧ್ಯತೆ 29.2 ಕೋಟಿಯಲ್ಲಿ ಒಂದಾದರೆ ಇಲ್ಲಿ ಅದು ಒಂದು ಲಕ್ಷದಲ್ಲಿ ಒಂದು.

ಭಾರತದಲ್ಲಿ ಕೇರಳ ಸರಕಾರ 1967ರಲ್ಲಿ ಲಾಟರಿ ಇಲಾಖೆಯನ್ನು ಸ್ಥಾಪಿಸಿ, 1968ರ ಜನವರಿ 26ರಂದು ಮೊದಲ ಡ್ರಾ ನಡೆಸಿತು. ಆಗ ಟಿಕೆಟಿಗೆ 1 ರೂಪಾಯಿ, ಪ್ರಥಮ ಬಹುಮಾನ 50,000 ರೂಪಾಯಿ. 2022ರ ಓಣಂ ಹಬ್ಬದ ವಿಶೇಷ ಡ್ರಾ ಆದ ಓಣಂ ಬಂಪರಿನಲ್ಲಿ ಟಿಕೆಟಿಗೆ 500 ರೂಪಾಯಿ, ಬಹುಮಾನ 25 ಕೋಟಿ. ಏಜೆಂಟರ ಶೇಕಡಾ 10, ಉಳಿದದ್ದರ ಮೇಲೆ ಶೇಕಡಾ 30ರ ಆದಾಯ ತೆರಿಗೆ, ಆ ತೆರಿಗೆಯ ಮೇಲೆ ಸರ್‌ಚಾರ್ಜ್ ಎಂಬ ಹೆಚ್ಚುವರಿ ತೆರಿಗೆ ಮತ್ತು ಸೆಸ್ ಕಳೆದರೆ ಗೆದ್ದವರಿಗೆ ಉಳಿಯುವುದು ಸುಮಾರು 12.88 ಕೋಟಿ. ಆಗಿನ ವಿನಿಮಯ ದರದಲ್ಲಿ ಇದು ಸುಮಾರು 16 ಲಕ್ಷ ಡಾಲರು. ಒಂದೇ ಬಗೆಯ ಸರಕು ಎರಡು ದೇಶಗಳಲ್ಲಿ ಎಷ್ಟೆಷ್ಟು ಹಣಕ್ಕೆ ಸಿಗುತ್ತದೆಂಬುದನ್ನು ಹೋಲಿಸುವ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಡಾಲರಿಗೆ ಆಗ ಸುಮಾರು 23 ರೂಪಾಯಿಯಾಗಿದ್ದರಿಂದ, ಇದು 56 ಲಕ್ಷ ಡಾಲರಿನಷ್ಟಾಗುತ್ತಿತ್ತು. ರಿಸರ್ವ್ ಬ್ಯಾಂಕಿನ ಅಂಕಿಗಳಂತೆ 2021-22ರಲ್ಲಿ ಕೇರಳದ ಗ್ರಾಮೀಣ ಕಟ್ಟಡ ಕಾರ್ಮಿಕರ ದಿನಗೂಲಿ 830 ರೂಪಾಯಿಗಿಂತ ಹೆಚ್ಚಿದ್ದು, ಆ ಲೆಕ್ಕದಲ್ಲಿ ಬಹುಮಾನ ಸುಮಾರು 510 ವರ್ಷಗಳ ದುಡಿಮೆ. ಎಲಿಜಬೆತ್ ಸಾರಿದ, ಆದರೆ ಕೊಡಲಾಗದ ಬಹುಮಾನಕ್ಕಿಂತ ಇದು ತುಸುವೇ ಹೆಚ್ಚು. ಅತ್ತ 2022ರಲ್ಲಿ ವಾರಕ್ಕೆ ಸುಮಾರು 1,100 ಡಾಲರು ಗಳಿಸುತ್ತಿದ್ದ ಅಮೆರಿಕದ ಮಧ್ಯಮ ಗಳಿಕೆಯ ನೌಕರನಿಗೆ ಪವರ್‌ಬಾಲ್‌ನ ಆ 63 ಕೋಟಿ ಸುಮಾರು 11,000 ವರ್ಷಗಳ ಸಂಬಳವಾಗುತ್ತಿತ್ತು.

ಈ ಭಾರೀ ಅಂತರಕ್ಕೆ ಮುಖ್ಯ ಕಾರಣ ಕೊಳ್ಳುವವರ ಸಂಖ್ಯೆ. ಎರಡು ಡಾಲರಿನ ಪವರ್‌ಬಾಲ್ ಟಿಕೆಟಿಗೆ ಅದೇ ನೌಕರ ಐದು ನಿಮಿಷವೂ ದುಡಿಯಬೇಕಿಲ್ಲವಾದ್ದರಿಂದ ಕೋಟಿಗಟ್ಟಲೆ ಟಿಕೆಟು ಮಾರಾಟವಾಗುತ್ತವೆ. 2015ರಲ್ಲಿ ಗೆಲುವಿನ ಸಾಧ್ಯತೆಯನ್ನು 17.5 ಕೋಟಿಯಲ್ಲಿ ಒಂದರಿಂದ 29.2 ಕೋಟಿಯಲ್ಲಿ ಒಂದಕ್ಕೆ ಇಳಿಸಿದ ಮೇಲೆ, ಗೆದ್ದವರಿಲ್ಲದ ಡ್ರಾಗಳ ಹಣ ಮುಂದಿನ ಬಹುಮಾನಕ್ಕೆ ಇನ್ನೂ ಹೆಚ್ಚಾಗಿ ಸೇರುತ್ತ ಹೋಗುತ್ತದೆ. ಕೇರಳದಲ್ಲಿ ಮಾರಾಟವಾದದ್ದು ಸುಮಾರು 66 ಲಕ್ಷ ಬಂಪರ್ ಟಿಕೆಟು, ಮತ್ತು ಒಂದಕ್ಕೆ ಅಲ್ಲಿನ ಕಟ್ಟಡ ಕಾರ್ಮಿಕ ಅರ್ಧ ದಿನಕ್ಕಿಂತ ಹೆಚ್ಚು ದುಡಿಯಬೇಕಿತ್ತು. ಗ್ರಾಮೀಣ ಕಟ್ಟಡ ಕಾರ್ಮಿಕರ ಅಖಿಲ ಭಾರತ ಸರಾಸರಿ ಕೂಲಿ 373 ರೂಪಾಯಿಯಷ್ಟಿದ್ದುದರಿಂದ, ಹೊರರಾಜ್ಯದ ಕೂಲಿಕಾರನಿಗೆ ಅದೇ ಟಿಕೆಟು ಒಂದು ದಿನಕ್ಕೂ ಮೀರಿದ ದುಡಿಮೆ. 2007ರಲ್ಲಿ ಲಾಟರಿಯನ್ನು ನಿಷೇಧಿಸಿದ ಕರ್ನಾಟಕದಿಂದಲೂ ಜನ ಗಡಿ ದಾಟಿ ಹೋಗಿ ಕೊಳ್ಳುವುದುಂಟು. 2024ರ ಓಣಂ ಬಂಪರಿನ 25 ಕೋಟಿ ಬಂದದ್ದು ವಯನಾಡಿನಲ್ಲಿ ಮಾರಾಟವಾದ ಟಿಕೆಟು ಪಡೆದಿದ್ದ ಕನ್ನಡಿಗರೊಬ್ಬರಿಗೆ. ಬೆಲೆ ಭಾರವಾದಲ್ಲಿ ಹಂಚಿಕೊಂಡು ಕೊಳ್ಳುವ ರೂಢಿ ಬೆಳೆದಿದೆ. 2023ರಲ್ಲಿ 10 ಕೋಟಿಯ ಮಳೆಗಾಲದ ಬಂಪರ್ ಗೆದ್ದ ಕೇರಳದ ಪರಪ್ಪನಂಗಾಡಿಯ ಹನ್ನೊಂದು ಮಂದಿ ತ್ಯಾಜ್ಯ ಸಂಗ್ರಹದ ಕಾರ್ಮಿಕ ಮಹಿಳೆಯರಲ್ಲಿ ಒಂಬತ್ತು ಮಂದಿ 250 ರೂಪಾಯಿಯ ಟಿಕೆಟಿಗೆ ತಲಾ 25 ರೂಪಾಯಿ ಕೊಟ್ಟಿದ್ದರು. ಉಳಿದಿಬ್ಬರು ತಲಾ ಹನ್ನೆರಡೂವರೆ ರೂಪಾಯಿಯಂತೆ ಒಂದು ಪಾಲನ್ನು ಭರಿಸಿದ್ದರು.