ಅಂಚೆಯ ಪಾಠದಿಂದ ಗುಡ್ಡೆಯ ಪಾಠದವರೆಗೆ

2021ರ ಜೂನ್. ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ ಜೋರು ಮಳೆ. ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಆ ಫೋಟೋ ದೇಶವಿಡೀ ಓಡಾಡಿತು. ಆಕೆ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ. ಪುತ್ತೂರು, ಸುಳ್ಯ, ಕಡಬದ ಡಿಗ್ರಿ ಮಕ್ಕಳ ಕತೆಯೂ ಬೇರೆಯಲ್ಲ. ಮನೆ ಅಡಿಕೆ ತೋಟದ ತಗ್ಗಿನಲ್ಲಿ, ರೇಂಜ್ ಗುಡ್ಡೆಯ ಮೇಲೆ.

ಮನೆಯಲ್ಲಿದ್ದೇ ಡಿಗ್ರಿ ಓದುವುದನ್ನು ಕೊರೋನಾ ಕಲಿಸಿದ್ದೆಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಹಳೆಯದು. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1969–70ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅದೇ ದಾರಿ ಹಿಡಿಯಿತು. ಅದರಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬೆಳೆಯಿತು.

ಆ ಪದ್ಧತಿ ಒಂದು ಸತ್ಯವನ್ನು ಒಪ್ಪಿಕೊಂಡಿತ್ತು: ಪಾಠ ಕಳಿಸಿದ ಮಾತ್ರಕ್ಕೆ ಕಲಿಸಿದಂತಾಗುವುದಿಲ್ಲ. ಅದಕ್ಕೇ ಅಚ್ಚಾದ ಪುಸ್ತಕದ ಜೊತೆ ಸಂಪರ್ಕ ತರಗತಿಯಿತ್ತು. ವಿದ್ಯಾರ್ಥಿ ಮೇಷ್ಟ್ರ ಎದುರು ಕೂತು ಸಂಶಯ ಕೇಳಬಹುದಿತ್ತು. ಕರೆಂಟು ಹೋದರೂ ಪುಸ್ತಕ ಕೈಯಲ್ಲೇ ಇರುತ್ತಿತ್ತು.

2017ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸ್ವಯಂ' ಆನ್‌ಲೈನ್ ಕೋರ್ಸುಗಳೂ ಇದನ್ನು ಮರೆಯಲಿಲ್ಲ. ಅಲ್ಲಿ ವೀಡಿಯೊ ಪಾಠ ನಾಲ್ಕರಲ್ಲಿ ಒಂದು ಭಾಗ ಮಾತ್ರ. ಇಳಿಸಿಕೊಂಡು ಓದುವ ಬರಹ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂಶಯ ಬಗೆಹರಿಸುವ ಚರ್ಚೆ ಉಳಿದ ಮೂರು.

2020ರ ಮಾರ್ಚಿನಲ್ಲಿ ಕಾಲೇಜುಗಳ ಬಾಗಿಲು ಒಮ್ಮೆಲೇ ಮುಚ್ಚಿದಾಗ ಈ ಅನುಭವ ಬಳಕೆಗೆ ಬಂದದ್ದು ಕಡಿಮೆ. ಎಷ್ಟೋ ಕಡೆ ಆನ್‌ಲೈನ್ ಕ್ಲಾಸೆಂದರೆ ವೀಡಿಯೊ ಕರೆ ಮಾತ್ರವಾಯಿತು. ಕರೆ ಕಡಿದರೆ ಪಾಠವೂ ಹೋಯಿತು, ಹಾಜರಿಯೂ ಹೋಯಿತು. ಗುಡ್ಡೆ ಹತ್ತಿ ಟಾರ್ಪಾಲಿನ ಅಡಿಯಲ್ಲಿ ಕೂತವನೂ ಓದಲು ಮನಸ್ಸಿಲ್ಲದವನೂ ಹಾಜರಿ ಪಟ್ಟಿಯಲ್ಲಿ ಒಂದೇ ಆದರು.

ಕೊರೋನಾ ಹೋಯಿತು, ಆನ್‌ಲೈನ್ ಕೋರ್ಸು ಹೋಗಲಿಲ್ಲ. 2016ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 20ರಷ್ಟು ಕೋರ್ಸುಗಳನ್ನು 'ಸ್ವಯಂ' ಮೂಲಕ ಓದಬಹುದಿತ್ತು. 2021ರಲ್ಲಿ ಆ ಮಿತಿ ಶೇ. 40ಕ್ಕೆ ಏರಿತು. ಹಾಗಾಗಿ ಗುಡ್ಡೆಯ ಪ್ರಶ್ನೆ ಇನ್ನೂ ಮುಗಿದಿಲ್ಲ.

ನಮ್ಮ ಊರಿನ ಮಕ್ಕಳಿಗೆ ಬೇಕಾದದ್ದು ದೊಡ್ಡದೇನಲ್ಲ. ರೇಂಜ್ ಸಿಕ್ಕಾಗ ಇಳಿಸಿಟ್ಟುಕೊಳ್ಳುವ ಸಣ್ಣ ಫೈಲು, ಕಾಗದದ ನೋಟ್ಸು, ಪಂಚಾಯತ್ ಲೈಬ್ರರಿಯಲ್ಲಿ ನೆಟ್ ಇರುವ ಒಂದು ಕೋಣೆ, ತಿಂಗಳಿಗೊಮ್ಮೆ ಮುಖ ನೋಡಿ ಪಾಠ. ಮತ್ತೆ, ಎರಡು ದಿನ ಕಾಣದಿದ್ದರೆ ಗೈರುಹಾಜರಿ ಹಾಕುವ ಮೊದಲು "ಎಂತಾಯ್ತು ಮಾರಾಯ?" ಎಂದು ಫೋನು ಮಾಡುವ ಒಬ್ಬರು ಮೇಷ್ಟ್ರು.