ಸಣ್ಣ ಅನಿಲ ಸಿಲಿಂಡರ್‌ಗಳ ಮರುಭರ್ತಿ: ಸಾರ್ವಜನಿಕರಿಗೆ ಮಾಹಿತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗಗಳಲ್ಲಿ ಬಾಡಿಗೆ ಕೊಠಡಿಗಳ ವಿದ್ಯಾರ್ಥಿಗಳು, ಹಂಗಾಮಿನ ಕೂಲಿಕಾರರು, ಗವಿಮಠದ ಜಾತ್ರೆಗೆ ಮತ್ತು ಹುಲಿಗಿಗೆ ಬಂದು ಬಯಲಿನಲ್ಲಿ ಅಡುಗೆ ಮಾಡಿಕೊಳ್ಳುವ ಭಕ್ತರು, ಆನೆಗೊಂದಿ ಹಾಗೂ ಸಾಣಾಪುರದ ಬಳಿ ಡೇರೆ ಹಾಕುವ ಪ್ರವಾಸಿಗರು ಸಣ್ಣ ಸಿಲಿಂಡರಿನ ಒಲೆಗಳನ್ನು ಬಳಸುವುದುಂಟು. ಮನೆಬಳಕೆಯ 14.2 ಕೆ.ಜಿ. ಸಿಲಿಂಡರಿನಿಂದ ಇವುಗಳಿಗೆ ಮನೆಯಲ್ಲಾಗಲಿ, ಅಂಗಡಿಯಲ್ಲಾಗಲಿ ಅನಿಲ ತುಂಬುವುದನ್ನು ನಿಷೇಧಿಸಲಾಗಿದೆ.

ಅಪಾಯದ ಸ್ವರೂಪ

ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವಾದ ಅಡುಗೆ ಅನಿಲವು ಸಿಲಿಂಡರಿನೊಳಗೆ ದ್ರವರೂಪದಲ್ಲಿರುತ್ತದೆ. ಬಿಸಿಲಿಗೆ ಈ ದ್ರವ ಹಿಗ್ಗುವುದರಿಂದ ಅಧಿಕೃತ ಭರ್ತಿ ಘಟಕಗಳಲ್ಲಿ ತೂಕ ಮಾಡಿ, ಒಳಗಿನ ಸ್ಥಳದ ಸುಮಾರು ಐದನೆಯ ಒಂದು ಭಾಗವನ್ನು ದ್ರವವಿಲ್ಲದೆ ಬಿಡಲಾಗುತ್ತದೆ. ದೊಡ್ಡ ಸಿಲಿಂಡರನ್ನು ತಲೆಕೆಳಗಾಗಿಟ್ಟು ಕೊಳವೆಯ ಮೂಲಕ ತುಂಬುವವರಿಗೆ ಈ ಅಳತೆ ದೊರೆಯುವುದಿಲ್ಲ. ಕಂಠದವರೆಗೆ ತುಂಬಿದ ಸಿಲಿಂಡರು ನಮ್ಮ ಭಾಗದ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿದ್ದರೆ ಒಳಒತ್ತಡದಿಂದ ಸಿಡಿಯಬಹುದು.

ತುಂಬುವಾಗ ಹೊರಚೆಲ್ಲುವ ಒಂದು ಲೀಟರ್ ದ್ರವವು ಸುಮಾರು 250 ಲೀಟರ್ ಅನಿಲವಾಗುತ್ತದೆ. ಇದು ಗಾಳಿಗಿಂತ ಭಾರವಾದ್ದರಿಂದ ಮೇಲೇರದೆ ನೆಲದ ಮೇಲೆ ಹರಡಿ, ಚರಂಡಿ ಹಾಗೂ ಮಂಚದ ಕೆಳಗೆ ನಿಲ್ಲುತ್ತದೆ. ವಿದ್ಯುತ್ ಸ್ವಿಚ್ಚಿನ ಒಂದು ಕಿಡಿ ಸಾಕು. ಕಿಟಕಿ ತೆರೆದಿದೆಯೆಂಬ ಧೈರ್ಯ ಇಲ್ಲಿ ನೆರವಿಗೆ ಬರುವುದಿಲ್ಲ.

ಕಾನೂನು

ಇಂತಹ ಭರ್ತಿಯು ದ್ರವೀಕೃತ ಪೆಟ್ರೋಲಿಯಂ ಅನಿಲ (ಸರಬರಾಜು ಮತ್ತು ವಿತರಣೆ ನಿಯಂತ್ರಣ) ಆದೇಶ, 2000 ಹಾಗೂ ಅನಿಲ ಸಿಲಿಂಡರ್ ನಿಯಮಗಳು, 2016ರ ಉಲ್ಲಂಘನೆಯಾಗಿರುತ್ತದೆ. ಸದರಿ ಆದೇಶದ ಉಲ್ಲಂಘನೆಗೆ ಅಗತ್ಯ ವಸ್ತುಗಳ ಅಧಿನಿಯಮ, 1955ರ 7ನೇ ಪ್ರಕರಣದಡಿ 3 ತಿಂಗಳಿಂದ 7 ವರ್ಷಗಳವರೆಗೆ ಕಾರಾವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ.

ಅಧಿಕೃತ ಪರ್ಯಾಯ

ವಿಳಾಸದ ದಾಖಲೆ ಇಲ್ಲದ ಕಾರಣಕ್ಕೇ ಅನೇಕರು ಅಕ್ರಮ ಭರ್ತಿಗೆ ಮೊರೆಹೋಗುತ್ತಾರೆ. ಇವರಿಗಾಗಿಯೇ 5 ಕೆ.ಜಿ. ಸಿಲಿಂಡರಿನ ಮುಕ್ತ ಮಾರಾಟ ಯೋಜನೆಯು 2013ರ ಅಕ್ಟೋಬರ್‌ನಲ್ಲಿ ಬೆಂಗಳೂರೂ ಸೇರಿದಂತೆ ಮಹಾನಗರಗಳಲ್ಲಿ ಆರಂಭವಾಯಿತು. ಇಂಡೇನ್ ಸಂಸ್ಥೆಯು 2020ರಲ್ಲಿ ಇದಕ್ಕೆ ‘ಛೋಟು’ ಎಂದು ಹೆಸರಿಟ್ಟಿತು. ಗುರುತಿನ ಚೀಟಿಯೊಂದನ್ನು ತೋರಿಸಿದರೆ ಸಾಕು, ವಿಳಾಸದ ಪುರಾವೆ ಬೇಕಿಲ್ಲ. ಖಾಲಿಯಾದ ಸಿಲಿಂಡರನ್ನು ವಿತರಕರಲ್ಲಿ ಕೊಟ್ಟು ತುಂಬಿದ್ದನ್ನು ಪಡೆಯಬಹುದು. ಸಹಾಯಧನವಿಲ್ಲದ ಕಾರಣ ಬೆಲೆ ತುಸು ಹೆಚ್ಚೆನಿಸಬಹುದು. ಆದರೆ ತೂಕವೂ ರಸೀದಿಯೂ ಇಲ್ಲದೆ ಕೊಳ್ಳುವ ಅನಿಲ ನಿಜವಾಗಿ ಅಗ್ಗವೇ ಎಂಬುದನ್ನು ಗ್ರಾಹಕರೇ ಲೆಕ್ಕ ಹಾಕಬೇಕು.

ಪಡೆಯುವಾಗ ಮೊಹರು ಹಾಗೂ ತೂಕವನ್ನು ಪರಿಶೀಲಿಸಿರಿ. ಹಿಡಿಕೆಯ ಪಟ್ಟಿಯ ಮೇಲೆ ಮುಂದಿನ ಪರೀಕ್ಷೆಯ ಅವಧಿ ಇರುತ್ತದೆ. ‘ಬಿ-28’ ಎಂದಿದ್ದರೆ 2028ರ ಎರಡನೇ ತ್ರೈಮಾಸಿಕ, ಅಂದರೆ ಜೂನ್ ಅಂತ್ಯ. ಅವಧಿ ಮೀರಿದ್ದನ್ನು ಸ್ವೀಕರಿಸಬೇಡಿರಿ.

ಅನಿಲದ ವಾಸನೆ ಬಂದಲ್ಲಿ ಯಾವುದೇ ಸ್ವಿಚ್ಚನ್ನು ಹಾಕದೆ, ಆರಿಸದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲುಗಳನ್ನು ತೆರೆದು ಹೊರಬಂದು, ದಿನದ 24 ಗಂಟೆಯೂ ಲಭ್ಯವಿರುವ 1906 ಸಂಖ್ಯೆಗೆ ಕರೆ ಮಾಡತಕ್ಕದ್ದು.