ಅಕ್ಷತೆ ಬಿದ್ದ ಮೇಲಿನ ಕಥೆ: ಕನ್ನಡ ಚಿತ್ರಗಳಲ್ಲಿ ದಾಂಪತ್ಯ

1934ರ ‘ಸತಿ ಸುಲೋಚನ’ದಿಂದ ಮೊದಲಾದ ಕನ್ನಡ ವಾಕ್ಚಿತ್ರವು ಆರಂಭದಲ್ಲಿ ಪುರಾಣವನ್ನೇ ನೆಚ್ಚಿಕೊಂಡಿದ್ದರಿಂದ ದಾಂಪತ್ಯವು ಅಲ್ಲಿ ಹೆಚ್ಚಾಗಿ ಪಾತಿವ್ರತ್ಯದ ಪರೀಕ್ಷೆಯಾಗಿಯೇ ಕಾಣಿಸಿಕೊಂಡಿತು. ಸಮಕಾಲೀನ ಮನೆವಾರ್ತೆಯನ್ನು ಕಥೆಯಾಗಿಸುವ ‘ಸಾಮಾಜಿಕ’ ಚಿತ್ರವೆಂಬ ಪ್ರಕಾರವು ಬಂದುದು ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕ’ದೊಡನೆ, 1936ರಲ್ಲಿ. ಹಿರಿಯರ ಇಚ್ಛೆಯನ್ನು ಮೀರಿ ಮದುವೆಯಾದ ತರುಣ ದಂಪತಿಗಳಾಗಿ ಅದರಲ್ಲಿ ನಟಿಸಿದ ಬಿ.ಆರ್. ಪಂತುಲು ಮತ್ತು ಎಂ.ವಿ. ರಾಜಮ್ಮ, 22 ವರ್ಷಗಳ ತರುವಾಯ ಪಂತುಲು ಅವರೇ ನಿರ್ದೇಶಿಸಿದ ‘ಸ್ಕೂಲ್ ಮಾಸ್ಟರ್’ನಲ್ಲಿ, ಮಕ್ಕಳು ತಂದೆಯನ್ನೊಂದು ಮನೆಗೆ ತಾಯಿಯನ್ನೊಂದು ಮನೆಗೆ ಹಂಚಿಕೊಂಡಾಗ ಅಗಲಿ ಕೊರಗುವ ವೃದ್ಧ ದಂಪತಿಗಳಾದರು. ಮುಪ್ಪಿನ ಪ್ರೀತಿಯೂ ಪ್ರೀತಿಯೇ ಎಂಬುದನ್ನು ಕನ್ನಡ ತೆರೆಯು ಅಷ್ಟು ಮುಂಚೆಯೇ ಕಂಡುಕೊಂಡಿತ್ತೆಂಬುದು ಸಣ್ಣ ಸಂಗತಿಯಲ್ಲ.

ಪಂತುಲು ಅವರ ಬಳಿ ಪಳಗಿ, ‘ಸ್ಕೂಲ್ ಮಾಸ್ಟರ್’ನ ಮಲಯಾಳಂ ರೂಪವನ್ನು 1964ರಲ್ಲಿ ನಿರ್ದೇಶಿಸಿದ ಪುಟ್ಟಣ್ಣ ಕಣಗಾಲರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಗುರು ಹೊರಗಿನಿಂದ ಕಂಡ ಸಂಸಾರವನ್ನು ಶಿಷ್ಯನು ಹೆಣ್ಣಿನ ಮನಸ್ಸಿನ ಒಳಗಿನಿಂದ ಕಂಡನು. ಅದಕ್ಕೆ ದಾರಿಯಾದುದು ಮುಖ್ಯವಾಗಿ ಲೇಖಕಿಯರ ಕಾದಂಬರಿ. ತ್ರಿವೇಣಿಯವರ ಕೃತಿಯನ್ನಾಧರಿಸಿದ ‘ಬೆಳ್ಳಿಮೋಡ’ದಲ್ಲಿ, ಆಸ್ತಿ ಕೈತಪ್ಪುವುದೆಂದು ತಿಳಿದೊಡನೆ ಹಿಂಜರಿದ ವರನು ಮುಂದೊಮ್ಮೆ ಪಶ್ಚಾತ್ತಾಪದಿಂದ ಮರಳಿದಾಗ, ಅವನ ಶುಶ್ರೂಷೆ ಮಾಡಿದ ನಾಯಕಿ ಇಂದಿರೆಯೇ ಮದುವೆಯನ್ನು ನಿರಾಕರಿಸುತ್ತಾಳೆ. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (1969) ಹೆಸರು ಪಡೆದಿರುವುದು, ಹುಡುಗಿಗೆ ಗೃಹಿಣಿಯಾಗುವ ಬಾಗಿಲನ್ನೇ ಮುಚ್ಚಿ ಅವಳನ್ನು ಕುಲವೃತ್ತಿಗೆ ಒಪ್ಪಿಸುವ ಶಾಸ್ತ್ರದಿಂದ. ‘ಶರಪಂಜರ’ದ (1971) ಕಾವೇರಿಯದಾದರೋ ಒಲಿದು ಆದ ಮದುವೆ, ಬಾಣಂತನದಲ್ಲಿ ಕೆಟ್ಟ ಮನಸ್ಸು ಆಸ್ಪತ್ರೆಯಲ್ಲಿ ಗುಣವಾದರೂ, ಮನೆಗೆ ಬಂದವಳನ್ನು ಗಂಡನೂ ನೆರೆಹೊರೆಯೂ ಹುಚ್ಚಿಯೆಂದೇ ನೋಡುತ್ತ ಮತ್ತೆ ಹುಚ್ಚಿಗೆ ತಳ್ಳುತ್ತಾರೆ. ಅಕ್ಷತೆ ಬಿದ್ದಲ್ಲಿಗೆ ಮುಗಿಯುತ್ತಿದ್ದ ಕಥೆಯನ್ನು ಅಲ್ಲಿಂದಲೇ ತೊಡಗಿಸಿದುದು ಈ ನಿರ್ದೇಶಕನ ದೊಡ್ಡ ಕೊಡುಗೆ. ಆದರೂ ‘ಎಡಕಲ್ಲು ಗುಡ್ಡದ ಮೇಲೆ’ (1973) ಸೇರಿದಂತೆ ಹಲವು ಚಿತ್ರಗಳಲ್ಲಿ ನಾಯಕಿಯ ಪಾಲಿಗೆ ಸಾವೋ ಹುಚ್ಚೋ ಮಾತ್ರ ಉಳಿಯುವುದು ಇಂದಿಗೂ ನೋಯಿಸುವ ಮಿತಿಯೇ ಸರಿ.

ಈ ಮಿತಿಯಾಚೆಗಿನ ದಾರಿ ಸಮಾನಾಂತರ ಚಿತ್ರಗಳಲ್ಲಿ, ಎಂದರೆ ತಾರೆ ಹಾಗೂ ಗಲ್ಲಾಪೆಟ್ಟಿಗೆಯ ಹಂಗು ತೊರೆದ ಚಿತ್ರಗಳಲ್ಲಿ, ತೆರೆಯಿತು. ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ಬಾಲವಿಧವೆಯೊಬ್ಬಳ ದೀರ್ಘ ಬದುಕನ್ನು ಕಣ್ಣೀರಿನ ಸರಕಾಗಿಸದೆ ಕಂಡಿತು. ಗಿರೀಶ ಕಾಸರವಳ್ಳಿಯವರ ‘ದ್ವೀಪ’ದಲ್ಲಿ (2002) ಅಣೆಕಟ್ಟೆಯ ನೀರು ಸುತ್ತುವರಿದ ಮನೆಯನ್ನು ನಾಗಿಯು ತನ್ನ ದುಡಿಮೆಯಿಂದ ಉಳಿಸಿಕೊಂಡರೂ, ಗಂಡ ಗಣಪನು ಅದನ್ನು ದೇವರ ಕೃಪೆಯೆನ್ನುತ್ತಾನೆ, ದಾಂಪತ್ಯ ಮುರಿಯುವುದಿಲ್ಲ, ಆದರೆ ಆ ಮಾತು ಕೇಳಿದ ನಾಗಿ ಮೊದಲಿನ ನಾಗಿಯಾಗಿ ಉಳಿಯುವುದೂ ಇಲ್ಲ.